ಅಲ್ಲಾಡುವ ಮೇಜು ಮತ್ತು ಬಾಬಾ ಖಲ್ಫಾನರ ಕೋವಿ

ನನ್ನ ಮೇಜು ಅಲ್ಲಾಡುತ್ತದೆ. ನೀವು ಯಾವಾಗಲಾದರೂ ಮಸ್ಕತ್ತಿನ ಕಡೆ ಬಂದು, ಅಲ್ ಮಬೇಲಾದ ಸನಾಯಾದಲ್ಲಿ, ಅಂದರೆ ಬರೀ ಗ್ಯಾರೇಜು ವರ್ಕ್‌ಶಾಪುಗಳೇ ತುಂಬಿರುವ ಆ ಬೀದಿಯಲ್ಲಿ, ನಮ್ಮ ಮರಗೆಲಸದ ಅಂಗಡಿಗೆ ಕಾಲಿಟ್ಟರೆ ನಿಮಗೂ ಗೊತ್ತಾಗುತ್ತದೆ. ಬಾಗಿಲು ಮಾಡಿಸಲು ಬಂದವರು ಅಳತೆಯ ಚೀಟಿ ಹಿಡಿದು ಅದರ ಮೇಲೆ ಮೊಣಕೈ ಊರಿದ ಕೂಡಲೇ ಮೇಜು ಎಡಕ್ಕೆ ವಾಲಿ ‘ಟಕ್’ ಅನ್ನುತ್ತದೆ. ಕೈ ತೆಗೆದರೆ ಬಲಕ್ಕೆ ಬಂದು ಮತ್ತೊಮ್ಮೆ ‘ಟಕ್’. ಚಹಾವನ್ನು ಅರ್ಧ ಲೋಟಕ್ಕಿಂತ ಜಾಸ್ತಿ ತುಂಬಿಸುವ ಹಾಗಿಲ್ಲ. ಊರಿಗೆಲ್ಲ ಬಾಗಿಲು, ಕಿಟಕಿ, ಮಂಚ ಮಾಡಿ ಕೊಡುವ ಫೋರ್‌ಮನ್ನನ ಮೇಜಿನ ಗತಿ ಇದು.

ನಮ್ಮ ಬಡಗಿ ಹಮೀದಾಕ ಉಳ್ಳಾಲದ ಬ್ಯಾರಿ. ವಯಸ್ಸಿನಲ್ಲಿ ನನಗಿಂತ ದೊಡ್ಡವರು, ಕೆಲಸದಲ್ಲಂತೂ ಇನ್ನೂ ದೊಡ್ಡವರು. ಮೂರು ಸಲ ರಟ್ಟು ಮಡಚಿ ತಂದರು. ಮೂರು ಸಲವೂ ನಾನು ಬೇಡ ಅಂದೆ. “ನಿನಗೆಂತ ಮಾರಾಯಾ, ಈ ಅಲ್ಲಾಡುವ ಮೇಜಿನ ಮೇಲೆ ಅಷ್ಟು ಪ್ರೀತಿ?” ಎಂದು ಕೇಳಿದರು. ಪ್ರೀತಿಯೂ ಅಲ್ಲ, ಮಣ್ಣೂ ಅಲ್ಲ. ನಾಚಿಕೆ. ಇದನ್ನು ಹೇಳುವಾಗ ಈಗಲೂ ಕಿವಿ ಬಿಸಿಯಾಗುತ್ತದೆ. ಆದರೂ ನಿಮಗೆ ಹೇಳಬಹುದು. ನೀವೇನು ನಾಳೆ ಬೆಳಿಗ್ಗೆ ಬಂದು ನನ್ನ ಮುಖ ನೋಡುವವರಲ್ಲವಲ್ಲ.

ಮೊದಲಿಗೆ ನನ್ನ ಕಾಯಿಲೆಯ ಬಗ್ಗೆ ಹೇಳಬೇಕು. ಹಳೆಯ ವಸ್ತು ಕಂಡರೆ ನನ್ನ ಕೈ ತುರಿಸುತ್ತದೆ. ಕೆಟ್ಟದ್ದನ್ನು ಸರಿ ಮಾಡುವುದು ಒಳ್ಳೆಯ ಗುಣವೇ. ನನ್ನದು ಅದಲ್ಲ. ಸರಿ ಇರುವುದನ್ನೂ ಬಿಡದ ಜಾತಿ ನನ್ನದು. ಮುಲ್ಕಿಯಲ್ಲಿ ನನ್ನ ಅಪ್ಪನಿಗೆ ಸೈಕಲ್ ರಿಪೇರಿ ಅಂಗಡಿ ಇತ್ತು. ಸೊಲ್ಯೂಷನ್ನಿನ ವಾಸನೆ, ನೀರಿನ ಟಬ್ಬಿನಲ್ಲಿ ಟ್ಯೂಬು ಮುಳುಗಿಸಿದಾಗ ಬರುವ ಗುಳ್ಳೆ, ಗೋಡೆಗೆ ನೇತು ಹಾಕಿದ ಹಳೆಯ ಟಯರುಗಳು, ಇವುಗಳ ನಡುವೆ ನಾನು ಬೆಳೆದದ್ದು. ಅಪ್ಪ ಚೈನು ಕಳಚಿದರೆ ಚೈನು ಹಾಕುತ್ತಿದ್ದರು, ಪಂಕ್ಚರ್ ಆಗಿದ್ದರೆ ಪಂಕ್ಚರ್ ಹಾಕುತ್ತಿದ್ದರು. ಸೈಕಲ್ಲಿನವರು ಹೇಳದ ಒಂದು ನಟ್ಟನ್ನೂ ಅವರು ಮುಟ್ಟಿದವರಲ್ಲ. ಆ ಗುಣ ನನಗೆ ಬರಲಿಲ್ಲ.

ನಮ್ಮ ಕಡೆಯ ಮಕ್ಕಳಿಗೆ ಜೀವನದ ಮೊದಲ ಕೋವಿ ಅಂದರೆ ಬಿದಿರಿನ ಪೆಟ್ಲು. ಗೇಣುದ್ದದ ಸಪೂರ ಬಿದಿರಿನ ಕೊಳವೆ, ಅದರೊಳಗೆ ಹೋಗುವ ಒಂದು ಕೋಲು. ಎರಡು ಹಸಿ ಕಾಯಿ ತುರುಕಿ ಕೋಲಿನಿಂದ ಜೋರಾಗಿ ತಳ್ಳಿದರೆ ಮುಂದಿನ ಕಾಯಿ ‘ಪಟ್’ ಎಂದು ಹಾರುತ್ತದೆ. ನನ್ನ ತಂಗಿ ವಾಸಂತಿಗೆ ಮಾವ ಮಾಡಿಕೊಟ್ಟ ಪೆಟ್ಲು ಇಡೀ ಕೇರಿಯಲ್ಲೇ ನಂಬರ್ ಒನ್. ಅದರ ಶಬ್ದಕ್ಕೆ ಕೋಳಿಗಳು ಅಂಗಳ ಬಿಟ್ಟು ಓಡುತ್ತಿದ್ದವು. ನಾನು ಅದನ್ನು ‘ಇನ್ನೂ ಚಂದ’ ಮಾಡಲು ಹೊರಟೆ. ಅಪ್ಪನ ಅಂಗಡಿಯ ಟ್ಯೂಬಿನ ರಬ್ಬರು ಸುತ್ತಿದೆ. ಗುರಿ ನೋಡಲಿಕ್ಕೆಂದು ಸೈಕಲ್ಲಿನ ಕಡ್ಡಿ ಬಗ್ಗಿಸಿ ಕಟ್ಟಿದೆ. ಕೊಳವೆಯ ಒಳಗೆ ನಯ ಬರಲಿ ಎಂದು ಗ್ರೀಸು ಹಚ್ಚಿದೆ. ಹೊರಗೆ ಹಸಿರು ಬಣ್ಣ ಬಳಿದೆ. ನೋಡಲಿಕ್ಕೆ ಮಿಲಿಟರಿಯವರ ಕೋವಿಯ ಹಾಗೆ ಆಯಿತು. ಆದರೆ ಆಮೇಲೆ ಅದು ಒಂದು ದಿನವೂ ‘ಪಟ್’ ಅನ್ನಲಿಲ್ಲ. ‘ಪುಸ್’ ಅನ್ನುತ್ತಿತ್ತು. ವಾಸಂತಿ ನನ್ನ ಹತ್ತಿರ ನಾಲ್ಕು ದಿನ ಮಾತು ಬಿಟ್ಟಳು.

ಅಪ್ಪ ಆ ಪೆಟ್ಲನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದಕ್ಕೆ ಎಂತ ಆಗಿತ್ತು ಮಗಾ?”

“ಎಂತ ಆಗಿರ್ಲಿಲ್ಲ.”

“ಮತ್ತೆ ನೀನು ಎಂತಕ್ಕೆ ರಿಪೇರಿ ಮಾಡಿದ್ದು?”

ತಲೆಯ ಕೂದಲು ಬೆಳ್ಳಗಾದ ಮೇಲೂ ಆ ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ.

ಇನ್ನು ಬಾಬಾ ಖಲ್ಫಾನರ ವಿಷಯಕ್ಕೆ ಬರುತ್ತೇನೆ. ನಮ್ಮ ಕಫೀಲ್ ಸಯೀದ್ ಎಂಬವರು, ಅಂದರೆ ಈ ವರ್ಕ್‌ಶಾಪಿನ ಒಮಾನಿ ಯಜಮಾನರು. ಅವರ ತಂದೆಯೇ ಬಾಬಾ ಖಲ್ಫಾನ್. ಎಂಬತ್ತು ದಾಟಿರಬಹುದು. ಕಣ್ಣಿಗೆ ಪೊರೆ ಬಂದು ಎಲ್ಲ ಮಂಜು ಮಂಜು. ಪ್ರಾಯದಲ್ಲಿ ಹಡಗಿನಲ್ಲಿ ಬೊಂಬಾಯಿಗೆ ಹೋಗಿ ಬಂದು ಮಾಡಿದ್ದರಿಂದ ಹಿಂದಿ ನನಗಿಂತ ಚೆನ್ನಾಗಿ ಬರುತ್ತದೆ. ಅಲ್ ಅಮೇರಾತ್‌ನ ಮನೆಯಿಂದ ವಾರಕ್ಕೊಮ್ಮೆ ಮಗನ ಕಾರಿನಲ್ಲಿ ಬಂದು, ನನ್ನ ಮೇಜಿನ ಎದುರಿನ ಕುರ್ಚಿಯಲ್ಲಿ ಕೂತು, ಮರದ ಹೊಟ್ಟಿನ ವಾಸನೆ ಎಳೆದುಕೊಂಡು “ಅಲ್‌ಹಮ್ದುಲಿಲ್ಲಾ” ಅನ್ನುವುದು ಅವರ ರೂಢಿ. ನನ್ನನ್ನು ‘ಸದಾನಂದ್’ ಎಂದು ಪೂರ್ತಿಯಾಗಿ ಕರೆಯುವ ಒಬ್ಬರೇ ಒಬ್ಬ ಅರಬ್ಬರು ಅವರು. ಉಳಿದವರಿಗೆಲ್ಲ ನಾನು ‘ಸದೀಕ್’, ಅಂದರೆ ಬರೀ ‘ದೋಸ್ತ್’.

ಕಳೆದ ವರ್ಷ ಸೆಕೆ ಇಳಿದು ಮದುವೆಗಳು ಶುರುವಾಗುವ ಸಮಯ. ಒಂದು ದಿನ ಬಾಬಾ ಒಂದು ಉದ್ದದ ಬಟ್ಟೆ ಕಟ್ಟನ್ನು ಎದೆಗೆ ಅಪ್ಪಿಕೊಂಡು ಬಂದರು. ಬಿಚ್ಚಿದರೆ ಕೋವಿ! ಹಮೀದಾಕ ಎರಡು ಹೆಜ್ಜೆ ಹಿಂದೆ ಸರಿದು, “ಯಾ ಅಲ್ಲಾ, ಪೊಲೀಸ್ ಬಂದ್ರೆ ನನ್ನನ್ನು ಹೇಳ್ಬೇಡ, ನಾನು ಇವತ್ತು ರಜೆ” ಅಂದರು. ಸಯೀದ್ ನಕ್ಕು ಕಾಗದ ತೋರಿಸಿದರು. ಅದು ಬಾಬಾರ ತಂದೆಯ ಕಾಲದ್ದು, ಗುಂಡು ಹೋಗುವ ದಾರಿಯನ್ನು ಯಾವುದೋ ಕಾಲದಲ್ಲೇ ಮುಚ್ಚಿ ಆಗಿದೆ. ಈಗ ಅದರ ಕೆಲಸ ಒಂದೇ. ಮದುವೆಯಲ್ಲಿ ಗಂಡಸರು ಎದುರುಬದುರು ಸಾಲು ನಿಂತು, ಡೋಲಿನ ತಾಳಕ್ಕೆ ಕತ್ತಿ, ಕೋವಿ ಹಿಡಿದು ಹೆಜ್ಜೆ ಹಾಕುತ್ತಾರೆ. ರಝಾ ಎನ್ನುತ್ತಾರೆ ಅದಕ್ಕೆ. ಕೋವಿಯನ್ನು ಗಾಳಿಗೆ ಎಸೆದು ಹಿಡಿಯುವುದರಲ್ಲಿ ಬಾಬಾ ಒಂದು ಕಾಲದಲ್ಲಿ ದೊಡ್ಡ ಹೆಸರಂತೆ. ಮೊಮ್ಮಗನ ಮದುವೆಗೆ ಎರಡು ವಾರ ಇತ್ತು.

“ಸದಾನಂದ್, ಯೇ ಕಡಾ ಟೂಟ್ ಗಯಾ,” ಎಂದು ಬಾಬಾ ಹೆಗಲ ಪಟ್ಟಿ ಸಿಕ್ಕಿಸುವ ಬಳೆಯನ್ನು ತೋರಿಸಿದರು. “ಸಿರ್ಫ್ ಕಡಾ. ಔರ್ ಯೇ ಸ್ಕ್ರೂ, ಶ್ವೈ ಟೈಟ್. ಬಸ್, ಖಲಾಸ್.”

ಬಳೆ ಒಂದು ಹಾಕಬೇಕು, ಸಡಿಲವಾದ ಸ್ಕ್ರೂ ಸ್ವಲ್ಪ ಬಿಗಿ ಮಾಡಬೇಕು, ಮುಗಿಯಿತು. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಯಾವ ಭಾಷೆಯಲ್ಲೂ ಆಗುವುದಿಲ್ಲ. ಅವರ ಉಳಿದ ಮಾತುಗಳನ್ನು ನಮ್ಮ ಭಾಷೆಯಲ್ಲೇ ಹೇಳುತ್ತೇನೆ, ನಿಮಗೂ ಸುಲಭ, ನನಗೂ ಸುಲಭ.

ಅವರು ಹೋದ ಮೇಲೆ ನಾನು ಕೋವಿಯನ್ನು ಮೇಜಿನ ಮೇಲಿಟ್ಟು ನೋಡಿದೆ. ಮೇಜು ‘ಟಕ್’ ಎಂದಿತು. ಆಗಲೂ ಅದು ಅಲ್ಲಾಡುತ್ತಿತ್ತು. ಕೋವಿಯ ಮರದ ಹಿಡಿ ಎಣ್ಣೆ, ಬೆವರು ಕುಡಿದು ಕಪ್ಪಾಗಿತ್ತು. ಸಪೂರವಾದಲ್ಲಿ ಒಡೆದದ್ದನ್ನು ಯಾರೋ ಆಡಿನ ತೊಗಲಿನಿಂದ ಸುತ್ತಿ ಕಟ್ಟಿದ್ದರು. ಹಿಂಬದಿಯ ಅಗಲ ಭಾಗದಲ್ಲಿ, ಕೆನ್ನೆ ಒರಗಿಸುವ ಜಾಗದ ಹತ್ತಿರ, ಚಾಕುವಿನಿಂದ ಕೊರೆದ ಮೂರು ಗೆರೆಗಳಿದ್ದವು. ಅವುಗಳ ಪಕ್ಕದಲ್ಲಿ ಮರ ಸವೆದು ಸಣ್ಣ ಗುಳಿ ಬಿದ್ದಿತ್ತು. ಹೆಬ್ಬೆರಳು ಇಟ್ಟರೆ ಸರಿಯಾಗಿ ಕೂರುತ್ತಿತ್ತು. ನಾನೂ ಇಟ್ಟು ನೋಡಿದ್ದೆ. ಇಟ್ಟು ನೋಡಿಯೂ ನನಗೆ ಬುದ್ಧಿ ಬರಲಿಲ್ಲ.

“ಹಮೀದಾಕ, ಇದನ್ನು ಹೊಸದೇ ಮಾಡಿ ಕೊಡುವ. ಮುದುಕರಿಗೆ ಸರ್ಪ್ರೈಸ್.”

“ಕೇಳಿ ಮಾಡುವ ಮಾರಾಯಾ. ಅವ್ರು ಬಳೆ ಮಾತ್ರ ಹೇಳಿದ್ದು.”

“ಕೇಳಿದ್ರೆ ಸರ್ಪ್ರೈಸ್ ಎಲ್ಲಿ?”

ಹಮೀದಾಕ ಪೆನ್ಸಿಲ್ ಕಿವಿಗೆ ಸಿಕ್ಕಿಸಿ ಕೆಲಸಕ್ಕೆ ಹೋದರು. ಫೋರ್‌ಮನ್ ನಾನಲ್ಲವೇ.

ಆ ಎರಡು ವಾರ ನನಗೆ ಮಾಡಿದ್ದೇ ಮಾಡಿದ್ದು. ಯಾರೋ ವಾಪಸ್ ಮಾಡಿದ ಬಾಗಿಲಿನ ಬರ್ಮಾ ತೇಗದ ದಾರಂದದಿಂದ ಹಮೀದಾಕನ ಕೈಯಲ್ಲಿ ಹೊಸ ಹಿಡಿ ಕೆತ್ತಿಸಿದೆ. ಪಟ್ಟಿಯ ಬಳೆಗೆ ಹಳೆಯ ಪೆಟ್ಟಿಗೆಯ ಹಿತ್ತಾಳೆ ಕೊಂಡಿ. ಸ್ಕ್ರೂ ಹೊಲಿಗೆ ಮಿಶನಿನದ್ದು. ಹಿಡಿಯ ಹಿಂತುದಿಗೆ ಅರಬ್ಬರ ಮಜ್ಲಿಸಿನ, ಅಂದರೆ ಬೈಠಕ್ ಕೋಣೆಯ, ಸೋಫಾದ ಕಾಲಿಗೆ ಹಾಕುವ ರಬ್ಬರು. ಪಟ್ಟಿಗೆ ಗುಜರಿಗೆ ಹೋದ ಲ್ಯಾಂಡ್‌ಕ್ರೂಸರಿನ ಸೀಟ್ ಬೆಲ್ಟು, ಒಳ್ಳೆಯ ಗಟ್ಟಿ ಮಾಲು. ಕಬ್ಬಿಣಕ್ಕೆ ಮೂರು ನಮೂನೆಯ ಉಜ್ಜು ಕಾಗದ ಹಾಕಿ ಉಜ್ಜಿ ಉಜ್ಜಿ ಅದರಲ್ಲಿ ಮುಖ ಕಾಣುವ ಹಾಗೆ ಮಾಡಿದೆ. ಕೊನೆಗೆ ನಾಲ್ಕು ಕೋಟು ವಾರ್ನಿಶ್. ಆಯುಧ ಪೂಜೆಯ ದಿನ ನಮ್ಮ ಕಡೆಯ ಗ್ಯಾರೇಜಿನಲ್ಲಿ ಸ್ಪಾನರ್, ಜಾಕಿಗಳನ್ನೆಲ್ಲ ತೊಳೆದು ಮಿಂಚಿಸಿ ಕುಂಕುಮ ಇಡುವುದಿಲ್ಲವೇ, ಅದೇ ಭಕ್ತಿ ನನ್ನಲ್ಲಿ ಉಕ್ಕಿತ್ತು.

ಹಳೆಯ ಹಿಡಿ? ಅದರ ಮುಂಭಾಗ ಗುಜರಿ ಡಬ್ಬಿಗೆ ಹೋಯಿತು. ಹಿಂಭಾಗದ ಮರ ಎಷ್ಟು ಗಟ್ಟಿ ಇತ್ತೆಂದರೆ ನನಗೆ ಒಂದು ಒಳ್ಳೆಯ ಐಡಿಯಾ ಹೊಳೆಯಿತು. ಗರಗಸಕ್ಕೆ ಕೊಟ್ಟು ಎರಡು ಬೆರಳು ದಪ್ಪದ ಒಂದು ತುಂಡು ಕತ್ತರಿಸಿ ಮೇಜಿನ ಕಾಲಿನ ಕೆಳಗೆ ಇಟ್ಟೆ. ಆಹಾ, ಏನು ಅಳತೆ! ಮೇಜು ಬಂಡೆಯ ಹಾಗೆ ನಿಂತಿತು. ಆ ದಿನ ಲೋಟ ತುಂಬ ಚಹಾ ಕುಡಿದೆ.

ಇಲ್ಲೊಂದು ಮಾತು ಹೇಳಲೇಬೇಕು. ನಮ್ಮವರಿಗೆ ಭಕ್ತಿ ಬಂದರೆ ನಾವು ಮೊದಲು ಮಾಡುವ ಕೆಲಸ ಹಳೆಯದನ್ನು ಒಡೆಯುವುದು. ಅದಕ್ಕೆ ಜೀರ್ಣೋದ್ಧಾರ ಎಂದು ಹೆಸರು. ನಮ್ಮ ಕುಟುಂಬದ ದೈವಸ್ಥಾನದ್ದು ಆಗುವಾಗ ನಾನು ಇಲ್ಲಿಂದಲೇ ಫೋನಿನಲ್ಲಿ ಮುಂದಾಳು. ಹೆಂಚು ತೆಗೆದು ಸ್ಲ್ಯಾಬ್ ಹಾಕಿಸಿದ್ದು ನಾನು, ಸೆಗಣಿ ನೆಲ ತೆಗೆದು ಗ್ರಾನೈಟ್ ಹಾಸಿಸಿದ್ದು ನಾನು. ಅಜ್ಜನ ಅಜ್ಜ ಮಾಡಿಸಿದ ಹಲಸಿನ ಮರದ ಮಣೆಮಂಚ, ಅದೇ ದೈವಕ್ಕೆಂದು ಇಡುವ ಮಂಚ, ಕಪ್ಪಾಗಿ ಕಾಲು ಸವೆದಿತ್ತು. ಅದನ್ನು ತೆಗೆಸಿ ಹೊಸ ಪಾಲಿಶ್ ಮಂಚ ಇಡಿಸಿದ್ದೂ ನಾನೇ. ರಜೆಯಲ್ಲಿ ಊರಿಗೆ ಹೋದಾಗ ಎಲ್ಲರೂ ಭಾರೀ ಚಂದ ಆಗಿದೆ ಎಂದರು. ಎಂದೂ ಎದುರು ಮಾತಾಡದ ನನ್ನ ದೊಡ್ಡಮ್ಮ ಮಾತ್ರ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, “ಚಂದ ಉಂಟು ಮಗಾ. ಆದ್ರೆ ಇದು ನನ್ನದೇ ಜಾಗ ಅಂತ ದೈವಕ್ಕೆ ಗೊತ್ತಾಗ್ಬೇಕಲ್ಲ” ಎಂದಿದ್ದರು. ನಾನು ನಕ್ಕುಬಿಟ್ಟಿದ್ದೆ. ದೈವಕ್ಕೆ ಅಷ್ಟೂ ಗೊತ್ತಾಗದಾ ದೊಡ್ಡಮ್ಮಾ, ಎಂದಿದ್ದೆ.

ಮದುವೆಯ ದಿನ ಮಧ್ಯಾಹ್ನದ ಮೇಲೆ, ಹೆಂಡತಿ ಸುಜಾತಾ ಇಸ್ತ್ರಿ ಮಾಡಿ ಕೊಟ್ಟ ಶರ್ಟು ಹಾಕಿಕೊಂಡು, ಕೋವಿಯನ್ನು ಗಿಫ್ಟಿನ ಬಟ್ಟೆಯಲ್ಲಿ ಸುತ್ತಿ ಅಲ್ ಅಮೇರಾತ್‌ಗೆ ಹೋದೆ. ಮನೆಯ ಎದುರಿನ ಬಯಲಿನಲ್ಲಿ ಡೋಲು ಶುರುವಾಗಿತ್ತು. ಬಾಬಾ ಬೆಳ್ಳಗಿನ ದಿಶ್ದಾಶಾ ನಿಲುವಂಗಿ ತೊಟ್ಟು, ಸೊಂಟಕ್ಕೆ ಬೆಳ್ಳಿಯ ಖಂಜರ್ ಬಾಕು ಕಟ್ಟಿ ಮದುಮಗನಿಗಿಂತ ಚಂದ ಕಾಣುತ್ತಿದ್ದರು. ಬಟ್ಟೆ ಬಿಚ್ಚಿದ್ದೇ ಸುತ್ತ ಇದ್ದ ಹುಡುಗರೆಲ್ಲ “ವಲ್ಲಾ! ಮಾಶಾ ಅಲ್ಲಾ!” ಎಂದು ಮೊಬೈಲು ತೆಗೆದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಬಾಬಾ ಕೋವಿಯನ್ನು ಕೈಗೆ ತೆಗೆದುಕೊಂಡರು. ಅವರಿಗೆ ಮಿಂಚು ಕಾಣುವ ಕಣ್ಣಿಲ್ಲ. ಅವರ ಕೈ ಹಿಡಿಯ ಮೇಲೆ ಹೋಯಿತು, ಹೆಬ್ಬೆರಳು ಏನನ್ನೋ ಹುಡುಕಿತು. ಹಿಂದೆ ಹೋಯಿತು, ಮುಂದೆ ಬಂತು. ವಾರ್ನಿಶಿನ ಮೇಲೆ ಜಾರಿತು. ಕೋವಿಯನ್ನು ತಿರುಗಿಸಿ ಇನ್ನೊಂದು ಬದಿಯಲ್ಲೂ ಹುಡುಕಿದರು. ಆಮೇಲೆ ಅದನ್ನು ಕೆನ್ನೆಯ ಹತ್ತಿರ ತಂದು ಮೂಸಿದರು. ನಾನು ಇನ್ನೂ ನಗುತ್ತಲೇ ನಿಂತಿದ್ದೆ. ಆ ನಗು ಈಗ ನೆನಪಾದರೆ ನನ್ನ ಹಲ್ಲನ್ನು ನಾನೇ ಉದುರಿಸಿಕೊಳ್ಳಬೇಕು ಅನಿಸುತ್ತದೆ.

“ಹಳೇ ಮರ ಎಲ್ಲಿ, ಸದಾನಂದ್?” ಎಂದು ಮೆತ್ತಗೆ ಕೇಳಿದರು.

ನನ್ನ ಮೇಜಿನ ಕೆಳಗೆ ಉಂಟು ಬಾಬಾ, ಎಂದು ಹೇಳುವುದು ಹೇಗೆ? ಬಾಯಿಗೆ ಬಂದದ್ದು ಸುಳ್ಳು.

“ಹುಳ ತಿಂದಿತ್ತು ಬಾಬಾ. ಒಳಗೆ ಪೂರಾ ಪೊಳ್ಳು. ಬಿಸಾಡಬೇಕಾಯ್ತು.”

“ಹುಳ?”

“ಹೌದು ಬಾಬಾ. ಪೂರಾ ಹುಳ.”

ಅವರು ನನ್ನ ಭುಜ ತಟ್ಟಿ, ‘ಶುಕ್ರನ್’ ಎಂದು ಥ್ಯಾಂಕ್ಸ್ ಹೇಳಿ, ಸಾಲಿನಲ್ಲಿ ಹೋಗಿ ನಿಂತರು. ಬೇರೆಯವರ ಮಗುವನ್ನು ಎತ್ತಿಕೊಂಡವರ ಹಾಗೆ ಕೋವಿಯನ್ನು ಎರಡೂ ಕೈಯಲ್ಲಿ ಹಿಡಿದಿದ್ದರು. ಡೋಲು ಏರಿತು. ಪಕ್ಕದವರು ಕತ್ತಿ ಎಸೆದು ಹಿಡಿದರು. ಎಲ್ಲರೂ ಬಾಬಾರ ಕಡೆ ನೋಡಿದರು. ಅವರು ಎಸೆಯಲಿಲ್ಲ. ಸ್ವಲ್ಪ ಹೊತ್ತಿನಲ್ಲಿ ಅದನ್ನು ಮದುಮಗನ ಕೈಗೆ ಕೊಟ್ಟು, ತಾವು ಒಂದು ಬೆತ್ತ ತೆಗೆದುಕೊಂಡು ಸಾಲಿನ ಕೊನೆಗೆ ಹೋದರು. ನನಗೆ ಮಟನ್ ಬಿರಿಯಾನಿಯ ಒಂದು ತುತ್ತೂ ಗಂಟಲಲ್ಲಿ ಇಳಿಯಲಿಲ್ಲ. ಆದರೂ ತಟ್ಟೆ ಖಾಲಿ ಮಾಡಿದೆ ಎಂಬುದನ್ನೂ ಹೇಳಿಬಿಡುತ್ತೇನೆ, ಸುಳ್ಳು ಇನ್ನು ಸಾಕು.

ಮನೆಯಲ್ಲಿ ಸುಜಾತಾಳಿಗೆ ಹೇಳಿದೆ. ಅವಳು ಕೈಯಲ್ಲಿದ್ದ ಸೌಟನ್ನು ಕೆಳಗಿಟ್ಟಳು.

“ನೀವು ಆ ಪ್ರಾಯ ಆದವರ ಹತ್ರ ಸುಳ್ಳು ಹೇಳಿದ್ದಾ? ಅದೂ ಮದುವೆ ದಿನ?”

“ಬೇರೆ ಎಂತ ಹೇಳುದು?”

ಮಗಳು ಪುಸ್ತಕದಿಂದ ತಲೆ ಎತ್ತದೆ, “ಅಪ್ಪಾ, ಜಸ್ಟ್ ಸೇ ಸಾರಿ” ಎಂದಳು. ಇವರ ಶಾಲೆಯಲ್ಲಿ ಎಲ್ಲದಕ್ಕೂ ಮೂರು ಶಬ್ದದ ಉತ್ತರ ಉಂಟು.

ಮುಂದಿನ ವಾರ ಬಾಬಾ ವರ್ಕ್‌ಶಾಪಿಗೆ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಸಯೀದ್ ಒಬ್ಬರೇ ಬಂದರು. ಅವರು ಯಾವತ್ತೂ ಕುರ್ಚಿಯಲ್ಲಿ ಕೂರದ ಗಡಿಬಿಡಿಯ ಮನುಷ್ಯ. ಆ ದಿನ ಕೂತರು.

“ಸದೀಕ್, ನೀನು ಒಮ್ಮೆ ಮನೆಗೆ ಬರಬೇಕು. ಬಾಬಾನಿಗೆ ಹುಳದ ತಲೆಬಿಸಿ ಹಿಡಿದಿದೆ. ಮನೆಯ ಮರದ ಸಾಮಾನು ಎಲ್ಲ ಹೊರಗೆ ತೆಗೆಸಿದ್ದಾರೆ. ಅಮ್ಮನ ಪೆಟ್ಟಿಗೆ, ಮಂಚ, ಬಾಗಿಲು ಸಹ. ಎಲ್ಲದಕ್ಕೂ ಎಣ್ಣೆ ಹಚ್ಚುತ್ತಾ ಕೂತಿದ್ದಾರೆ. ‘ನನ್ನ ತಂದೆ ಪ್ರತಿ ಈದ್‌ಗೂ ಆ ಕೋವಿಗೆ ಎಣ್ಣೆ ಉಜ್ಜುತ್ತಿದ್ದರು, ನಾನು ಸೋಮಾರಿಯಾದೆ, ಹುಳಕ್ಕೆ ಕೊಟ್ಟೆ’ ಅಂತ ಒಂದೇ ಮಾತು. ಊಟ ಸರಿ ಮಾಡುದಿಲ್ಲ. ಬೇರೆ ಯಾವುದಕ್ಕೆಲ್ಲ ಹುಳ ಹಿಡಿದಿದೆ ಅಂತ ನೀನೇ ಬಂದು ನೋಡಬೇಕಂತೆ. ನಿನಗೆ ಮರ ಗೊತ್ತು ಅಂತ ಅವರಿಗೆ ನಂಬಿಕೆ.”

ನಂಬಿಕೆ! ಆ ಶಬ್ದ ಕೇಳಿ ನಾನು ಮೇಜನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಮೇಜು ಅಲ್ಲಾಡಲಿಲ್ಲ. ಅಲ್ಲಾಡಿದ್ದರೆ ಎಷ್ಟೋ ಒಳ್ಳೆಯದಿತ್ತು.

ಸಯೀದ್ ಕಾರಿಗೆ ಹೋದ ಮೇಲೆ ನಾನು ನೆಲಕ್ಕೆ ಬಾಗಿ ಆ ತುಂಡನ್ನು ಎಳೆದೆ. ಅಷ್ಟು ದಿನ ಮೇಜಿನ ಭಾರ ಹೊತ್ತು ಒಂದು ಬದಿಯಲ್ಲಿ ಕಾಲಿನ ಗುರುತು ಬಿದ್ದಿತ್ತು. ಹೆಬ್ಬೆರಳಿನ ಗುಳಿ ಹಾಗೆಯೇ ಇತ್ತು. ಮೂರು ಗೆರೆಗಳಲ್ಲಿ ಎರಡು ಪೂರ್ತಿ, ಮೂರನೆಯದು ಅರ್ಧ. ಉಳಿದರ್ಧ ಗರಗಸದ ಬಾಯಿಗೆ ಹೋಗಿ ಹೊಟ್ಟಾಗಿತ್ತು. ಹಮೀದಾಕ ನೋಡುತ್ತಲೇ ನಿಂತಿದ್ದರು. “ತೆಗೊಂಡು ಹೋಗು” ಎಂದಷ್ಟೇ ಹೇಳಿದರು. ಊಟದ ಚೀಲಕ್ಕೆ ಹಾಕಿಕೊಂಡೆ.

ದಾರಿಯುದ್ದಕ್ಕೂ ಹೇಳಬೇಕು ಎಂದುಕೊಂಡೆ. ಗುಡ್ಡ ಕಡಿದು ಮಾಡಿದ ಅಮೇರಾತ್ ರಸ್ತೆ ಹತ್ತುವಾಗ ಬೇಡ ಎಂದುಕೊಂಡೆ. ಕಫೀಲ್ ಪಕ್ಕದಲ್ಲೇ ಕಾರು ಬಿಡುತ್ತಿದ್ದರು. ಕೋಪ ಬಂದು ವೀಸಾ ಕ್ಯಾನ್ಸಲ್ ಮಾಡಿದರೆ? ಮಗಳ ಶಾಲೆ? ನೋಡಿ, ತಪ್ಪು ಮಾಡುವಾಗ ಹೆಂಡತಿ ಮಕ್ಕಳ ನೆನಪಾಗುವುದಿಲ್ಲ, ಒಪ್ಪಿಕೊಳ್ಳುವಾಗ ಮಾತ್ರ ಸಾಲಾಗಿ ಬಂದು ನಿಲ್ಲುತ್ತಾರೆ.

ಬಾಬಾ ಅಂಗಳದಲ್ಲಿ ಖರ್ಜೂರದ ಮರದ ನೆರಳಿನಲ್ಲಿ ಚಾಪೆ ಹಾಕಿ ಕೂತಿದ್ದರು. ಸುತ್ತಲೂ ಬಾಗಿಲುಗಳು, ಪೆಟ್ಟಿಗೆಗಳು, ಒಂದು ತೊಟ್ಟಿಲು. ಕೈಯಲ್ಲಿ ಎಣ್ಣೆಯ ಚಿಂದಿ. ನನ್ನ ದನಿ ಕೇಳಿದ ಕೂಡಲೇ ಮುಖ ಅರಳಿತು.

“ಬಾ, ಬಾ. ಮೊದಲು ಕಹ್ವಾ.”

ಕಹ್ವಾ, ಅಂದರೆ ಇವರ ಕಹಿ ಕಾಫಿ, ಕುಡಿದೆ. ಖರ್ಜೂರ ತಿಂದೆ. ಹಲ್ವವನ್ನೂ ತಿಂದೆ. ಆಮೇಲೆ ದೊಡ್ಡ ತಜ್ಞನ ಹಾಗೆ ಎದ್ದು ಪೆಟ್ಟಿಗೆಗೆ ಬಡಿದು ನೋಡಿದೆ, ಬಾಗಿಲಿಗೆ ಕಿವಿ ಕೊಟ್ಟೆ. “ಇದಕ್ಕಿಲ್ಲ ಬಾಬಾ. ಇದಕ್ಕೂ ಇಲ್ಲ.” ಇರುವುದು ಹೇಗೆ? ಒಂದೊಂದಕ್ಕೂ ಅವರು “ಅಲ್‌ಹಮ್ದುಲಿಲ್ಲಾ” ಅನ್ನುತ್ತಿದ್ದರು. ತೊಟ್ಟಿಲಿನ ಹತ್ತಿರ ಬಂದಾಗ ಅವರೇ ಮಾತು ತೆಗೆದರು.

“ಆ ಕೋವಿಯ ಮರದ ಮೇಲೆ ಮೂರು ಗೆರೆ ಇತ್ತು, ನೀನು ನೋಡಿದ್ದೆಯಾ? ಗಂಡು ಮಕ್ಕಳು ಹುಟ್ಟಿದಾಗ ನನ್ನ ತಂದೆ ಆಕಾಶಕ್ಕೆ ಒಂದು ಗುಂಡು ಹೊಡೆದು, ಒಂದು ಗೆರೆ ಕೊರೆಯುತ್ತಿದ್ದರು. ಮೊದಲಿನ ಎರಡು ಗೆರೆ ಅಣ್ಣಂದಿರು. ಇಬ್ಬರೂ ಈಗ ಇಲ್ಲ. ಮೂರನೆಯದು ನಾನು. ತಂದೆಯ ಫೋಟೋ ಇಲ್ಲ, ಸದಾನಂದ್. ಆ ಕಾಲದಲ್ಲಿ ಎಲ್ಲಿಯ ಫೋಟೋ. ಅವರ ಹೆಬ್ಬೆರಳು ಇಟ್ಟ ಜಾಗದಲ್ಲಿ ನಾನು ಹೆಬ್ಬೆರಳು ಇಡುತ್ತಿದ್ದೆ, ಅಷ್ಟೆ. ಅದನ್ನು ನಾನು ಹುಳಕ್ಕೆ ತಿನ್ನಿಸಿದೆ. ಅಲ್ಲಿ ಹೋದ ಮೇಲೆ ಅವರಿಗೆ ಎಂತ ಹೇಳಲಿ?”

ಚಾಪೆಯ ಮೇಲೆ ಅವರ ಎದುರು ಕೂತೆ. ಊಟದ ಚೀಲ ಬಿಚ್ಚಿ, ಆ ತುಂಡನ್ನು ತೆಗೆದು, ಅವರ ಎಣ್ಣೆ ಕೈಯಲ್ಲಿ ಇಟ್ಟೆ.

“ಹುಳ ಇರ್ಲಿಲ್ಲ ಬಾಬಾ. ನಾನು ಸುಳ್ಳು ಹೇಳಿದ್ದು. ಮರ ಕಲ್ಲಿನ ಹಾಗೆ ಇತ್ತು. ನೀವು ಬಳೆ ಹಾಕು ಅಂದ್ರಿ, ನಾನು ನಿಮ್ಮನ್ನು ಕೇಳದೆ ಎಲ್ಲ ತೆಗೆದೆ. ಕಡಿದೆ. ನನ್ನ ಮೇಜು ಅಲ್ಲಾಡ್ತಿತ್ತು, ಅದರ ಕಾಲಿನ ಕೆಳಗೆ ಇಟ್ಟಿದ್ದೆ ಇದನ್ನು.”

ಸಯೀದ್ ಮನೆಯ ಬಾಗಿಲ ಹತ್ತಿರ ನಿಂತು ಎಲ್ಲ ಕೇಳುತ್ತಿದ್ದರು. ಬೈಯಲಿ, ಹೊಡೆಯಲಿ, ಊರಿಗೆ ಕಳಿಸಲಿ ಎಂದು ತಲೆ ತಗ್ಗಿಸಿದೆ.

ಬಾಬಾರ ಹೆಬ್ಬೆರಳು ಮರದ ಮೇಲೆ ಹೋಯಿತು. ಈ ಸಲ ಹುಡುಕಲಿಲ್ಲ. ಸೀದಾ ಹೋಗಿ ಗುಳಿಯಲ್ಲಿ ಕೂತಿತು. ಅವರು ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಆಮೇಲೆ ಒಮ್ಮೆಗೇ ಮನೆಯ ಕಡೆ ತಿರುಗಿ, ಎಂಬತ್ತು ದಾಟಿದ ಗಂಟಲಿನಲ್ಲಿ ಎಷ್ಟು ಆಗುತ್ತದೋ ಅಷ್ಟು ಜೋರಾಗಿ ಕೂಗಿದರು.

“ಸಯೀದ್! ಕೀಡಾ ಮಾಫಿ! ಕೀಡಾ ಮಾಫಿ!”

ಹುಳ ಇಲ್ಲ, ಹುಳ ಇಲ್ಲ! ಒಳಗಿನಿಂದ ಹೆಂಗಸರು ಇಣುಕಿದರು. ಅವರಿಗೂ ಅದನ್ನೇ ಹೇಳಿದರು. ಮುದುಕರು ನಗುತ್ತಿದ್ದರು. ಕಣ್ಣಿನಿಂದ ನೀರು ಗಡ್ಡಕ್ಕೆ ಇಳಿಯುತ್ತಿತ್ತು. ನಾನು ಕಳ್ಳ, ನಾನು ಸುಳ್ಳ, ಅದೊಂದೂ ಅವರ ಲೆಕ್ಕದಲ್ಲಿ ಇರಲಿಲ್ಲ. ತಾವು ತಂದೆಯ ವಸ್ತುವನ್ನು ಹಾಳು ಮಾಡಿದವರಲ್ಲ ಎಂಬುದೊಂದೇ ಅವರಿಗೆ ಬೇಕಿದ್ದದ್ದು. ಬೈದಿದ್ದರೆ ಹೇಗೋ ತಡೆದುಕೊಳ್ಳುತ್ತಿದ್ದೆ. ಆ ಸಂತೋಷವನ್ನು ನೋಡಿ ತಡೆದುಕೊಳ್ಳಲು ಆಗಲಿಲ್ಲ. ಎರಡು ವಾರ ಆ ಜೀವ ಊಟ ಬಿಟ್ಟು ಎಣ್ಣೆ ಉಜ್ಜಿದ್ದು ನನ್ನ ಒಂದು ಸುಳ್ಳಿಗೆ. ಮುಖ ಮುಚ್ಚಿಕೊಂಡು ಅತ್ತುಬಿಟ್ಟೆ.

ಅವರ ಬೆರಳು ಅಷ್ಟರಲ್ಲಿ ಗೆರೆಗಳಿಗೆ ಬಂದಿತ್ತು. ಒಂದು, ಎರಡು. ಮೂರನೆಯದರ ಅರ್ಧಕ್ಕೆ ಬಂದು ನಿಂತಿತು.

“ಇದು?”

“ಗರಗಸ, ಬಾಬಾ.”

“ಅರ್ಧ ಖಲ್ಫಾನ್,” ಎಂದರು. ಇನ್ನೊಮ್ಮೆ ಅದನ್ನು ಸವರಿದರು. “ಈ ಪ್ರಾಯಕ್ಕೆ ಸರಿಯೇ ಇದೆ. ಅರ್ಧ ಮಾತ್ರ ಉಳಿದದ್ದು.” ಆಮೇಲೆ ದನಿ ಬದಲಾಯಿತು. “ಕೆಲಸ ಚಂದ ಮಾಡಿದ್ದಿ. ಮೊಮ್ಮಗನಿಗೆ ಆ ಕೋವಿ ಭಾರೀ ಇಷ್ಟ, ಫೋಟೋದಲ್ಲಿ ಮಿಂಚುತ್ತದಂತೆ. ಆದರೆ ಸದಾನಂದ್, ನಾನು ಪ್ರತಿ ವಾರ ನಿನ್ನ ಎದುರಿಗೇ ಕೂತುಕೊಳ್ಳುತ್ತಿದ್ದೆ. ಒಂದು ಮಾತು ಕೇಳಬಹುದಿತ್ತು.”

ಅಷ್ಟೇ ಅವರು ಬೈದದ್ದು. ಅಪ್ಪ ಪೆಟ್ಲನ್ನು ತಿರುಗಿಸಿ ನೋಡಿ ಕೇಳಿದ ದನಿಯೂ ಇದೇ. ದೊಡ್ಡಮ್ಮ ಕೈ ಒರೆಸಿಕೊಂಡದ್ದೂ ಹೀಗೇ. ಜೀವನದಲ್ಲಿ ಮೂರು ಸಲ, ಮೂರು ಜನ, ದನಿ ಎತ್ತದೆ ನನಗೆ ಒಂದೇ ಮಾತು ಹೇಳಿದ್ದಾರೆ.

ನಾನು ಹೊರಡಲು ಎದ್ದೆ. ಬಾಬಾ ನನ್ನ ಕೈ ಹಿಡಿದು ನಿಲ್ಲಿಸಿದರು. ಏನೋ ನೆನಪಾದವರ ಹಾಗೆ ಮಂಜು ಕಣ್ಣುಗಳನ್ನು ನನ್ನ ಕಡೆ ಎತ್ತಿದರು.

“ಇದನ್ನು ಎಳೆದು ತಂದಿದ್ದೀಯಲ್ಲ. ಈಗ ನಿನ್ನ ಮೇಜು ಅಲ್ಲಾಡುತ್ತದಾ?”

“ಅಲ್ಲಾಡ್ತದೆ ಬಾಬಾ.”

ಮನೆಗೆ ಬಂದವನು ಏನಾದರೂ ಇಲ್ಲವೆಂದು ಹೇಳಿದರೆ ಕೈಯಲ್ಲಿದ್ದದ್ದನ್ನು ಕೊಟ್ಟೇ ಕಳಿಸುವ ಜನ ಇವರು. ಬಾಬಾ ಆ ಮರದ ತುಂಡನ್ನು ಒಮ್ಮೆ ಎದೆಗೆ ಒತ್ತಿಕೊಂಡರು. ಆಮೇಲೆ, ದೇವರಾಣೆ ಹೇಳುತ್ತೇನೆ, ಅದನ್ನು ನನ್ನ ಕಡೆಗೆ ಚಾಚಿದರು.

“ಬೇಕಿದ್ದರೆ ತೆಗೆದುಕೊಂಡು ಹೋಗು. ನೀನು ದಿನಾ ಕೂತು ಕೆಲಸ ಮಾಡುವ ಜಾಗ.”

ನಾನು ಅವರ ಬೆರಳುಗಳನ್ನು ಒಂದೊಂದಾಗಿ ಆ ಮರದ ಮೇಲೆ ಮಡಚಿ, ಹೆಬ್ಬೆರಳನ್ನು ಅದರ ಗುಳಿಯಲ್ಲಿ ಇಟ್ಟೆ.

“ಬೇಡ ಬಾಬಾ,” ಎಂದೆ. “ಅಲ್ಲಾಡ್ಲಿ.”